ಸೋರುವುದು ಕೂಡಿಸಿದ ಜಾಗದಲ್ಲೇ

ನಿಮ್ಮ ಮನೆಯ ನಳದ ಪೈಪು ಎಲ್ಲಿ ಸೋರುತ್ತದೆ, ಒಮ್ಮೆ ನೆನಪಿಸಿಕೊಳ್ಳಿ. ಉದ್ದಕ್ಕೆ ಹೋದ ಪೈಪು ನಡುವೆ ಸೋರುವುದು ಅಪರೂಪ. ಎಲ್ಬೋ ಇದ್ದಲ್ಲಿ, ಟೀ ಇದ್ದಲ್ಲಿ, ಒಂದರ ಬಾಯಿಗೆ ಇನ್ನೊಂದು ಸೇರಿದಲ್ಲಿ ಹನಿ ಶುರುವಾಗುತ್ತದೆ. ಇದು ಪ್ಲಾಸ್ಟಿಕ್ ಬಂದ ಮೇಲಿನ ತೊಂದರೆಯಲ್ಲ. ನಮ್ಮ ಭಾಗದಲ್ಲಿ ಕೊಳವೆಯಲ್ಲಿ ನೀರು ಹರಿಸಿದ ಕಾಲದಿಂದಲೂ ಜನ ತಲೆ ಕೆಡಿಸಿಕೊಂಡಿದ್ದು ಈ ಜೋಡಣೆಯ ಬಗ್ಗೆಯೇ.

ಅದಕ್ಕೂ ಮೊದಲು ನೀರು ಇದ್ದಲ್ಲಿಗೆ ನಾವೇ ಹೋಗುತ್ತಿದ್ದೆವು. ಒಂದನೇ ಪುಲಕೇಶಿ ಬಾದಾಮಿಯ ಬೆಟ್ಟವನ್ನು ಕೋಟೆ ಮಾಡಿಕೊಂಡ ಸಂಗತಿ ಕ್ರಿ.ಶ. 543ರ ಶಾಸನದಲ್ಲಿದೆ. ಆ ಬೆಟ್ಟಗಳ ನಡುವೆಯೇ ಅಗಸ್ತ್ಯ ತೀರ್ಥವಿದೆ. ಮಳೆಯ ನೀರು ಬಂಡೆಯಿಂದ ಇಳಿದು ಅಲ್ಲಿ ನಿಲ್ಲುತ್ತದೆ, ಜನ ಮೆಟ್ಟಿಲು ಇಳಿದು ಹೋಗುತ್ತಾರೆ. ಅಲ್ಲಿಂದ ಮನೆಗೆ ನೀರು ಹೋಗುತ್ತಿದ್ದದ್ದು ಕೊಡದಲ್ಲಿ, ಹೆಣ್ಣುಮಕ್ಕಳ ತಲೆಯ ಮೇಲೆ.

ಕೊಳವೆಯ ದೊಡ್ಡ ಕೆಲಸ ನೋಡಬೇಕಾದರೆ ವಿಜಯಪುರಕ್ಕೆ ಹೋಗಬೇಕು. 1997ರವರೆಗೆ ನಮ್ಮ ತಾಲೂಕುಗಳೂ ಅದೇ ಜಿಲ್ಲೆಯಲ್ಲಿದ್ದವು, ಹಾಗಾಗಿ ಆ ಕತೆಯಲ್ಲಿ ನಮಗೂ ಪಾಲಿದೆ. ಮೊಹಮ್ಮದ್ ಆದಿಲ್ ಶಾಹ 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಊರೊಳಗೆ ನೀರು ಹೋದದ್ದು ಸುಟ್ಟ ಮಣ್ಣಿನ ಕೊಳವೆಗಳಲ್ಲಿ. ಒಂದಕ್ಕೊಂದು ಕೂಡಿಸಿ, ಸುತ್ತ ಗಾರೆ ಕಲ್ಲಿನ ಕವಚ ಕಟ್ಟಿ, 15ರಿಂದ 50 ಅಡಿ ಆಳದಲ್ಲಿ ಹೂತಿದ್ದರು. ಮಣ್ಣಿನ ಕೊಳವೆ ಒಳಗಿನ ಒತ್ತಡ ತಾಳುವುದಿಲ್ಲ, ಬಿಚ್ಚಿಕೊಳ್ಳುವುದು ಮೊದಲು ಕೂಡಿಸಿದ ಜಾಗದಲ್ಲೇ. ಅದಕ್ಕೆ ದಾರಿಯುದ್ದಕ್ಕೂ ‘ಗಂಜ್’ ಎಂಬ ಗೋಪುರಗಳನ್ನು ಎಬ್ಬಿಸಿದರು, 25ರಿಂದ 40 ಅಡಿ ಎತ್ತರದವು. ನೀರು ಅದರೊಳಗೆ ಏರಿ ಒತ್ತಡ ಇಳಿಸಿಕೊಳ್ಳುತ್ತಿತ್ತು, ಹೂಳು ತಳದಲ್ಲಿ ಉಳಿಯುತ್ತಿತ್ತು. ವಿಜಯಪುರದಲ್ಲಿ ಈಗಲೂ ಕೆಲವು ನಿಂತಿವೆ. ಗೋಳಗುಮ್ಮಟ ನೋಡಿ ಬರುವವರು ಈ ಗೋಪುರಗಳ ಮುಂದೆಯೂ ಒಂದು ಗಳಿಗೆ ನಿಂತರೆ ಒಳ್ಳೆಯದು. ಜೋಡಣೆ ಉಳಿಸುವುದಕ್ಕೆ ಇಷ್ಟು ಎತ್ತರದ ಕಟ್ಟಡ ಬೇಕಾಗಿತ್ತು.

ಆಮೇಲೆ ಬಂದದ್ದು ಕಬ್ಬಿಣ. ಸತುವಿನ ಲೇಪದ ಜಿಐ ಪೈಪು ನಮ್ಮ ಅಜ್ಜಂದಿರ ಕಾಲದ್ದು. ಪೈಪನ್ನು ಬಿಗಿ ಹಿಡಿದು, ಡೈ ತಿರುವಿ ತಿರುವಿ ಥ್ರೆಡ್ ಹಾಕಬೇಕು. ಥ್ರೆಡ್ಡಿಗೆ ಸಣಬಿನ ನಾರು ಸುತ್ತಿ, ಸಫೇದ ಸವರಿ, ದೊಡ್ಡ ಪಾನಾದಿಂದ ಬಿಗಿಯಬೇಕು. ಹಳೆಯ ಸಫೇದದಲ್ಲಿ ಸೀಸ ಇರುತ್ತಿತ್ತು ಎಂಬುದು ಬೇರೆ ಮಾತು. ಇದು ಮನೆಯವರಿಂದ ಆಗುವ ಕೆಲಸವಾಗಿರಲಿಲ್ಲ. ಡೈ ಇದ್ದವನು ಪೇಟೆಯಿಂದ ಬರುವವರೆಗೆ ಕಾಯಬೇಕು. ಮೇಲಾಗಿ ನಮ್ಮ ಬೋರಿನ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟಿ, ಒಂದಿಂಚಿನ ಪೈಪನ್ನು ಬೆರಳು ತೂರದಷ್ಟು ಮಾಡುತ್ತಿತ್ತು.

ಪಿವಿಸಿಯ ಹುಟ್ಟು ವಿಚಿತ್ರ. 1872ರಲ್ಲಿ ಜರ್ಮನಿಯ ಯೂಜೆನ್ ಬೌಮನ್ ಗಾಜಿನ ಕೊಳವೆಯಲ್ಲಿ ಒಂದು ಅನಿಲವನ್ನು ಬಿಸಿಲಿಗಿಟ್ಟಾಗ ಬಿಳಿ ಪುಡಿಯಂಥದ್ದು ಕಂಡಿತು. ಅದರಿಂದ ಏನು ಮಾಡುವುದೆಂದು ತಿಳಿಯದೆ ಸುಮಾರು ಐವತ್ತು ವರ್ಷ ಕಳೆಯಿತು. 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್ ರಬ್ಬರನ್ನು ಲೋಹಕ್ಕೆ ಹಚ್ಚುವ ಅಂಟು ಹುಡುಕುತ್ತಿದ್ದರು. ಆ ಬಿಳಿ ಪದಾರ್ಥವನ್ನು ದ್ರಾವಕದಲ್ಲಿ ಕಾಸಿ ಕರಗಿಸಿದಾಗ ಅಂಟು ಸಿಗಲಿಲ್ಲ, ಬಗ್ಗುವ ಪ್ಲಾಸ್ಟಿಕ್ ಸಿಕ್ಕಿತು. 1930ರ ದಶಕದಲ್ಲಿ ಜರ್ಮನಿಯಲ್ಲಿ ನೀರಿಗೆ ಪಿವಿಸಿ ಪೈಪು ಹಾಕಿದರು. ನಮ್ಮ ದೇಶದಲ್ಲಿ ಈ ಪೈಪಿಗೆ ಐಎಸ್ 4985 ಎಂಬ ಮಾನದಂಡ ಬಂದದ್ದು 1968ರಲ್ಲಿ. ಇವತ್ತು ಅಂಗಡಿಯಲ್ಲಿ ಪೈಪಿನ ಮೈಮೇಲೆ ಹುಡುಕಬೇಕಾದ ಅಂಕಿಯೂ ಅದೇ.

ನಮ್ಮ ಜಿಲ್ಲೆಯಲ್ಲಿ ಈ ಬಿಳಿ ಪೈಪು ಮನೆಮನೆಗೆ ಬಂದ ಕಾಲಕ್ಕೂ ಆಲಮಟ್ಟಿಯ ಹಿನ್ನೀರು ಬಂದ ಕಾಲಕ್ಕೂ ನಂಟಿದೆ ಎಂದು ನಮಗೆ ಅನಿಸುತ್ತದೆ. 1964ರಲ್ಲಿ ಅಡಿಗಲ್ಲು ಬಿದ್ದ ಆಣೆಕಟ್ಟು ತುಂಬುತ್ತ ಬಂದಂತೆ ಹಳೆಯ ಬಾಗಲಕೋಟೆಯ ಭಾಗಗಳು, ನದಿದಂಡೆಯ ಊರುಗಳು ಮುಳುಗಿದವು. ನವನಗರದಲ್ಲಿ, ಪುನರ್ವಸತಿ ಕೇಂದ್ರಗಳಲ್ಲಿ ಜನ ಬುನಾದಿಯಿಂದ ಮನೆ ಕಟ್ಟಿಕೊಳ್ಳಬೇಕಾಯಿತು. ಪರಿಹಾರದ ಹಣದಲ್ಲಿ ಗೋಡೆ ಎದ್ದ ಮೇಲೆ ಉಳಿದಷ್ಟರಲ್ಲಿ ನಳ. ಕಬ್ಬಿಣ ದುಬಾರಿ, ಪ್ಲಾಸ್ಟಿಕ್ ಅಗ್ಗ, ಹ್ಯಾಕ್ಸಾ ಬ್ಲೇಡು ಮತ್ತು ಒಂದು ಡಬ್ಬಿ ಸಲ್ಯೂಷನ್ ಇದ್ದರೆ ಮನೆಯ ಹುಡುಗನೇ ಕೂಡಿಸಬಹುದು. ಡೈ ಇದ್ದವನ ದಾರಿ ಕಾಯುವುದು ತಪ್ಪಿತು. ತಪ್ಪು ಮಾಡುವ ಕೈಯೂ ನಮ್ಮದೇ ಆಯಿತು.

ಹೊಲದಲ್ಲಿ ಬೇರೆಯೇ ವಿದ್ಯೆ ಬೆಳೆಯಿತು. ಕಣಿಕೆಗೆ ಬೆಂಕಿ ಹಚ್ಚಿ ಪೈಪಿನ ತುದಿ ಕಾಸಿ, ಮೆತ್ತಗಾದ ಬಾಯಿಗೆ ಇನ್ನೊಂದು ಪೈಪು ತುರುಕುವುದು. ಸೋರಿದರೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತುವುದು. ಹೊಲಕ್ಕೆ ಇದು ನಡೆದೀತು. ಆದರೆ ಕಾಸಿದಲ್ಲಿ ಪೈಪಿನ ಗೋಡೆ ತೆಳ್ಳಗಾಗುತ್ತದೆ, ಸುಟ್ಟರೆ ಬರುವ ಹೊಗೆ ಎದೆಗೆ ಕೆಟ್ಟದ್ದು. ಕುಡಿಯುವ ನೀರಿನ ಪೈಪಿಗೆ ಈ ವಿದ್ಯೆ ಬೇಡ.

ಸಲ್ಯೂಷನ್ ನಿಜವಾಗಿ ಅಂಟಲ್ಲ. ಅದರಲ್ಲಿರುವ ದ್ರಾವಕ ಪೈಪಿನ ಹೊರಮೈ, ಸಾಕೆಟ್ಟಿನ ಒಳಮೈ ಎರಡನ್ನೂ ಕರಗಿಸುತ್ತದೆ. ಕರಗಿದ ಎರಡು ಮೈ ಬೆರೆತು, ದ್ರಾವಕ ಆರಿದ ಮೇಲೆ ಒಂದೇ ಪ್ಲಾಸ್ಟಿಕ್ ಆಗುತ್ತದೆ. ಸೆಮನ್ ಕರಗಿಸಿದಂತೆಯೇ, ಇಲ್ಲಿ ಬೆಂಕಿಯಿಲ್ಲದೆ. ಹಾಗಾಗಿ ಪೈಪು ಒದ್ದೆಯಿರಬಾರದು, ಧೂಳಿರಬಾರದು, ಕೊಯ್ದ ಅಂಚಿನಲ್ಲಿ ಸಿಬಿರು ಉಳಿಯಬಾರದು. ಎರಡೂ ಮೈಗೆ ಹಚ್ಚಿ, ಕಾಲು ಸುತ್ತು ತಿರುವುತ್ತ ತಳಮುಟ್ಟ ಒತ್ತಿ, ಅರ್ಧ ನಿಮಿಷ ಬಿಡದೆ ಹಿಡಿಯಬೇಕು. ಸಾಕೆಟ್ ಒಳಗೆ ಹೋದಂತೆ ಕಿರಿದಾಗುತ್ತದೆ, ಕೈ ಬಿಟ್ಟರೆ ಪೈಪನ್ನು ತಾನೇ ಹೊರದಬ್ಬುತ್ತದೆ. ಏಪ್ರಿಲ್ ಬಿಸಿಲಲ್ಲಿ ಇಳಕಲ್ಲಿನ ಮಾಳಿಗೆ ಮೇಲೆ ಹಚ್ಚಿದರೆ ಒತ್ತುವ ಮೊದಲೇ ಆರಿಹೋಗುತ್ತದೆ. ಬೆಳಗಿನ ತಂಪಿನಲ್ಲಿ ಮಾಡಿ.

ನಮ್ಮಲ್ಲೊಬ್ಬರ ಮನೆ ಹುನಗುಂದದ ಕಡೆಯದು. ಮಾಳಿಗೆಯ ಟ್ಯಾಂಕಿಗೆ ಹೊಸ ಪೈಪು ಕೂಡಿಸಿದ ದಿನ ಹತ್ತು ನಿಮಿಷಕ್ಕೇ ಮೋಟಾರು ಹಾಕಿದೆವು. ರಾತ್ರಿ ಎಲ್ಬೋ ಕಿತ್ತು ಹಾರಿ ಟ್ಯಾಂಕಿನ ನೀರೆಲ್ಲ ಜೋಳದ ಚೀಲಗಳ ಮೇಲೆ. ಬೆಳಿಗ್ಗೆ ನೋಡಲು ಬಂದ ಕಾಕಾ ಅಂದದ್ದು ಇಷ್ಟೇ: “ಹಚ್ಚೂದು ಎರಡ ನಿಮಿಷದ ಕೆಲಸ ತಮ್ಮಾ, ಸುಮ್ನ ಕುಂದ್ರೂದು ಒಂದ ದಿನದ್ದು.”

ಜೋಳ ಹೋದರೆ ಹೋಯಿತು. ಇದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣುವುದಿಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್ ನಮ್ಮ ಊರುಗಳಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಬಂತು. ಹುನಗುಂದ, ಇಳಕಲ್ ಭಾಗದ ಹಲವು ಬೋರುಗಳಲ್ಲಿ ಫ್ಲೋರೈಡ್ ಇರುವುದರಿಂದ ನದಿಯ ಶುದ್ಧ ನೀರು ಬರುವುದು ದೊಡ್ಡ ಸಂಗತಿ. ಆದರೆ ನಮ್ಮಲ್ಲಿ ನೀರು ಇಡೀ ದಿನ ಬರುವುದಿಲ್ಲ. ಬಿಟ್ಟಾಗ ಪೈಪಿನಲ್ಲಿ ಒತ್ತಡ, ನಿಂತಾಗ ಖಾಲಿ. ಖಾಲಿಯಾಗುವ ಪೈಪು ಸೋರುವ ಜೋಡಣೆಯಿಂದ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಅಲ್ಲಿ ಚರಂಡಿ ಇದ್ದರೆ ಚರಂಡಿಯನ್ನೇ. ನಳಕ್ಕೆ ನೇರ ಮೋಟಾರು ಹಚ್ಚಿದರೆ ಈ ಎಳೆತ ಇನ್ನೂ ಜೋರು. ಊರಿಗೆ ವಾಂತಿಭೇದಿ ಬಂದಾಗ ಟ್ಯಾಂಕನ್ನಷ್ಟೇ ತೊಳೆದರೆ ಸಾಲದು, ಚರಂಡಿ ದಾಟುವ ಪೈಪುಗಳನ್ನೂ ನೋಡಬೇಕು.

ಇನ್ನೊಂದು. ಮುಖ್ಯ ಲೈನಿನಿಂದ ಮನೆಗೆ ಬರುವ ಕರಿಯ, ನೀಲಿ ಗೆರೆಯ ಪೈಪು ಪಿವಿಸಿ ಅಲ್ಲ, ಪಾಲಿಥೀನ್. ಅದು ಸಲ್ಯೂಷನ್ನಿಗೆ ಕರಗುವುದಿಲ್ಲ, ಎಷ್ಟು ಹಚ್ಚಿದರೂ ಮೇಲಷ್ಟೇ ಕೂಡುತ್ತದೆ. ಅದಕ್ಕೆ ತಿರುವಿ ಬಿಗಿಯುವ ಫಿಟಿಂಗ್ ಬೇಕು, ಇಲ್ಲವೇ ಬಿಸಿ ತಟ್ಟೆಯಿಂದ ಬೆಸೆಯುವ ಯಂತ್ರ. ಹಾಗೆಯೇ ಬಿಸಿನೀರಿನ ಕೆನೆಬಣ್ಣದ ಸಿಪಿವಿಸಿಗೆ ಬೇರೆ ಸಲ್ಯೂಷನ್ನೇ ಇದೆ. ಹೊಸ ಪಿವಿಸಿ ಪೈಪು ಕೊಳ್ಳುವಾಗ ಸೀಸ ಇಲ್ಲದ್ದನ್ನೇ ಕೇಳಿ. ಪಿವಿಸಿ ಪೈಪಿಗೆ ಸೀಸ ಬೆರೆಸುವುದನ್ನು ತಡೆಯುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ಮಾಡಿದೆ.

ನಿಮ್ಮ ಮನೆಯದು ಸೋರುತ್ತಿದೆಯೋ ಇಲ್ಲವೋ ತಿಳಿಯಲು ಖರ್ಚಿಲ್ಲ. ರಾತ್ರಿ ಎಲ್ಲ ನಳ ಬಂದ್ ಮಾಡಿ, ಟ್ಯಾಂಕಿನೊಳಗೆ ನೀರು ನಿಂತ ಮಟ್ಟಕ್ಕೆ ಒಂದು ಗುರುತು ಹಾಕಿ. ಬೆಳಿಗ್ಗೆ ಯಾರೂ ಮುಖ ತೊಳೆಯುವ ಮೊದಲು ಹತ್ತಿ ನೋಡಿ.