ಸಹಾಯಧನದ ಮನೆ ಮತ್ತು ಸಿಂಗಸಂದ್ರದ ನೆಲ

2025ರ ಆಗಸ್ಟಿನಲ್ಲಿ ನಮ್ಮ ಸಿಂಗಸಂದ್ರಕ್ಕೆ ಮೆಟ್ರೋ ಬಂದಿತು. ಅದರ ಆಸುಪಾಸಿನ ಓಣಿಗಳಲ್ಲಿ ಶೀಟಿನ ಮನೆಗಳು ಇಂದಿಗೂ ಇವೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಸೆಕ್ಯೂರಿಟಿ ಕೆಲಸದವರು ಅಲ್ಲಿ ಬಾಡಿಗೆಗಿದ್ದಾರೆ. ಇಂಥವರ ಸೂರಿಗೆ ಸರ್ಕಾರ ಕೊಡುತ್ತ ಬಂದದ್ದೇನು?

ಪಂಚವಾರ್ಷಿಕ ಯೋಜನೆಗಳ ಪಾಠದಲ್ಲಿ ನಾವು ಮಕ್ಕಳಿಗೆ ಅಣೆಕಟ್ಟುಗಳ ಹೆಸರನ್ನು ಬಾಯಿಪಾಠ ಮಾಡಿಸಿದೆವೇ ಹೊರತು ಮನೆಗಳ ವಿಷಯ ಹೇಳಿದ್ದು ಕಡಿಮೆ. ಮೈಸೂರಿನಲ್ಲಿ ಕಾರ್ಮಿಕರ ವಸತಿಗೆಂದೇ 1949ರಲ್ಲಿ ಕಾಯಿದೆಯಾಗಿತ್ತು. 1952ರಲ್ಲಿ ಕೇಂದ್ರವು ಕೈಗಾರಿಕಾ ಕಾರ್ಮಿಕರ ವಸತಿ ಯೋಜನೆಯನ್ನು ತಂದಿತು. ರಾಜ್ಯ ಸರ್ಕಾರ ಮನೆ ಕಟ್ಟಿದರೆ ವೆಚ್ಚದ ಅರ್ಧ ಸಹಾಯಧನ, ಉಳಿದರ್ಧ ಸಾಲ. ಮನೆ ಸರ್ಕಾರದ್ದು, ಕಾರ್ಮಿಕನು ಕಡಿಮೆ ಬಾಡಿಗೆ ಕೊಟ್ಟು ವಾಸಿಸುವವನು. ಆ ಏರ್ಪಾಡಿನಲ್ಲಿ ನೆಲ ಸಾರ್ವಜನಿಕರ ಕೈಯಲ್ಲೇ ಉಳಿಯುತ್ತಿತ್ತು ಎಂಬುದನ್ನು ಓದುಗರು ಗಮನಿಸಬೇಕು.

1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗರ ಕನಸಿನಂತೆ ಸುಮಾರು 330 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ದೂರದೃಷ್ಟಿಯ ಕೆಲಸವೇ ಸರಿ. ಆದರೆ ಕಾರ್ಖಾನೆಗೆ ನೆಲವನ್ನು ಸರ್ಕಾರ ಒದಗಿಸಿತು. ಅಲ್ಲಿ ಕಸ ಗುಡಿಸುವವಳು ತನ್ನ ನೆಲೆಯನ್ನು ತಾನೇ ಹುಡುಕಿಕೊಳ್ಳಬೇಕಾಯಿತು. ಕಂಪನಿಗೆ ಕೊಟ್ಟ ನೆಲವನ್ನು ಪ್ರೋತ್ಸಾಹವೆನ್ನುತ್ತೇವೆ, ಬಡವರಿಗೆ ಕೊಟ್ಟದ್ದನ್ನು ಮಾತ್ರ ಸಬ್ಸಿಡಿ ಎನ್ನುತ್ತೇವೆ!

ಇಲ್ಲಿಂದ ಬಹುದೂರವಿಲ್ಲದ ಈಜಿಪುರದ ಕಥೆ ಇನ್ನೂ ಕಹಿ. 1990ರ ದಶಕದ ಆರಂಭದಲ್ಲಿ ನಗರಪಾಲಿಕೆಯು ಅಲ್ಲಿ ಆರ್ಥಿಕವಾಗಿ ದುರ್ಬಲರಾದವರಿಗಾಗಿ 42 ಕಟ್ಟಡಗಳಲ್ಲಿ 1,512 ಮನೆಗಳನ್ನು ಕಟ್ಟಿಸಿತು. ಕಟ್ಟಲು ಹಣವಿತ್ತು, ಕಾಪಾಡಲು ಇರಲಿಲ್ಲ. 2007ರಲ್ಲಿ ಒಂದು ಕಟ್ಟಡ ಕುಸಿಯಿತು. ಅಷ್ಟರಲ್ಲಿ ಪಕ್ಕದ ಕೋರಮಂಗಲದ ನೆಲಕ್ಕೆ ಚಿನ್ನದ ಬೆಲೆ ಬಂದಿತ್ತು. ಖಾಸಗಿ ಕಂಪನಿಯೊಂದರೊಡನೆ ಒಪ್ಪಂದವಾಗಿ, 15 ಎಕರೆಗೂ ಹೆಚ್ಚಿನ ಆ ಜಾಗದ ಅರ್ಧದಷ್ಟು ವಾಣಿಜ್ಯ ಕಟ್ಟಡಕ್ಕೆಂದು ನಿಗದಿಯಾಯಿತು. 2013ರ ಜನವರಿಯಲ್ಲಿ ನಿವಾಸಿಗಳನ್ನು ತೆರವುಗೊಳಿಸಲಾಯಿತು. ಹಲವರು ಅದೇ ಜಾಗದ ಗೋಡೆಗೆ ಟಾರ್ಪಾಲಿನ್ ಕಟ್ಟಿಕೊಂಡು ಪಾದಚಾರಿ ಮಾರ್ಗದಲ್ಲಿ ವರ್ಷಗಟ್ಟಲೆ ಬದುಕಿದರು.

2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಸಹಭಾಗಿತ್ವದ ಪ್ರತಿ ಬಡ ಕುಟುಂಬದ ಮನೆಗೆ ಕೇಂದ್ರದ ಪಾಲು 1.5 ಲಕ್ಷ ರೂಪಾಯಿ. ಸಾಲದ ಬಡ್ಡಿಗೆ ಸಹಾಯವೂ ಇತ್ತು. ಆದರೆ ಸಂಬಳದ ಚೀಟಿಯೇ ಇಲ್ಲದ ಮನೆಗೆಲಸದವಳಿಗೆ ಸಾಲ ಕೊಡುವ ಬ್ಯಾಂಕು ಎಲ್ಲಿದೆ? ಚದರ ಅಡಿಗೆ 5,000 ರೂಪಾಯಿ ಎಂದು ಹಿಡಿದರೂ 1.5 ಲಕ್ಷಕ್ಕೆ ಸಿಗುವುದು 30 ಚದರ ಅಡಿ. ಒಂದು ಮಂಚ ಹಾಕಿ ಬದಿಯಲ್ಲೊಂದು ಕೊಡ ಇಡಬಹುದು. ನೆಲದ ಬೆಲೆ ಏರುವ ಊರಿನಲ್ಲಿ ಹಣದ ರೂಪದ ನೆರವು ಹೀಗೆ ಕರಗುತ್ತದೆ. ಕಡಿಮೆ ದರದ ಮನೆಗಳು ಚಂದಾಪುರ, ಅತ್ತಿಬೆಲೆಗಳ ಕಡೆಗೆ ಸರಿಯುತ್ತವೆ.

ಬೇಗೂರು ಹೋಬಳಿಯಲ್ಲಿ ಸರ್ಕಾರದ ಕೈಯಲ್ಲಿ ಉಳಿದಿರುವ ಜಾಗವನ್ನು ಹರಾಜಿಗಿಡುವ ಮುನ್ನ, ಅದರಲ್ಲೊಂದು ಪಾಲನ್ನಾದರೂ ಮಾರದೆ ಇಟ್ಟುಕೊಂಡು, 1952ರ ರೀತಿಯಲ್ಲಿ ಬಾಡಿಗೆ ಮನೆಗಳನ್ನು ಕಟ್ಟಲಿ, ದುರಸ್ತಿಯ ಹಣವನ್ನೂ ಮೊದಲೇ ಎತ್ತಿಡಲಿ ಎಂಬುದು ನನ್ನ ಅಭಿಪ್ರಾಯ. ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ.