‘ಬಹುದು’ ಮತ್ತು ‘ತಕ್ಕದ್ದು’: ರಾಜಭಾಷಾ ಸಂಸದೀಯ ಸಮಿತಿಯ ಚರಿತ್ರೆಯಿಂದ

ಸಂಸದೀಯ ಸಮಿತಿಗಳ ಅಧ್ಯಯನವನ್ನು ರಾಜ್ಯಶಾಸ್ತ್ರಕ್ಕೆ ಬಿಟ್ಟುಕೊಡುವುದು ನಮ್ಮಲ್ಲಿ ರೂಢಿ. ಆದರೆ ಭಾಷೆಯನ್ನೇ ಕುರಿತ ಸಮಿತಿಯೊಂದರ ಚರಿತ್ರೆಯಲ್ಲಿ ಒಂದು ಸಹಾಯಕ ಕ್ರಿಯಾಪದವು ನಿರ್ಣಾಯಕ ಪಾತ್ರ ವಹಿಸಿರುವುದನ್ನು ಭಾಷಾವಿಜ್ಞಾನಿಗಳು ಗಮನಿಸಬೇಕಾಗಿದೆ.

ಸಂವಿಧಾನದ 344ನೆಯ ಅನುಚ್ಛೇದದಂತೆ 1955ರಲ್ಲಿ ಬಿ.ಜಿ. ಖೇರ್ ಅವರ ಅಧ್ಯಕ್ಷತೆಯಲ್ಲಿ ರಾಜಭಾಷಾ ಆಯೋಗ ರಚಿತವಾಯಿತು. ಅದರ 1956ರ ವರದಿಗೆ ಭಿನ್ನಮತ ಸೂಚಿಸಿದವರಲ್ಲಿ ಭಾಷಾವಿಜ್ಞಾನಿ ಸುನೀತಿಕುಮಾರ್ ಚಟರ್ಜಿ ಒಬ್ಬರು. ವರದಿಯ ಪರಿಶೀಲನೆಗೆ ಲೋಕಸಭೆಯ 20, ರಾಜ್ಯಸಭೆಯ 10 ಸದಸ್ಯರ ಸಮಿತಿಯು ಗೋವಿಂದ ವಲ್ಲಭ ಪಂತ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾಯಿತು. 1965ರವರೆಗೆ ಇಂಗ್ಲಿಷ್ ಪ್ರಧಾನ, ಹಿಂದಿ ಸಹಾಯಕ. ಅನಂತರ ಇದರ ವಿಪರ್ಯಯ ಎಂಬುದು ಅದರ 1959ರ ವರದಿಯ ನಿಲುವು.

1963ರ ರಾಜಭಾಷಾ ಅಧಿನಿಯಮವು ಇಂಗ್ಲಿಷಿನ ಮುಂದುವರಿಕೆಯನ್ನು ‘ಮೇ’ ಎಂಬ ಪದದಿಂದ ಹೇಳಿತು. ಅದು ‘ಶಲ್’ ಆಗಬೇಕೆಂದು ಸಿ.ಎನ್. ಅಣ್ಣಾದುರೈ ರಾಜ್ಯಸಭೆಯಲ್ಲಿ ವಾದಿಸಿದರು. ಕನ್ನಡದ ಶಾಸನಾನುವಾದದಲ್ಲಿ ಈ ಎರಡಕ್ಕೆ ‘ಬಹುದು’, ‘ತಕ್ಕದ್ದು’ ಎಂಬ ರೂಪಗಳಿವೆ. ‘ಮುಂದುವರಿಯಬಹುದು’ ಎಂಬುದು ‘ಮುಂದುವರಿಯದಿರಬಹುದು’ ಎಂಬುದಕ್ಕೂ ಎಡೆಗೊಡುತ್ತದೆ. ‘ಮುಂದುವರಿಯತಕ್ಕದ್ದು’ ಎಂಬುದು ಕೊಡುವುದಿಲ್ಲ. ಹಿಂದಿಯೇತರರ ಆತಂಕದ ವ್ಯಾಕರಣ ಇಷ್ಟೇ. 1965ರ ಮದರಾಸಿನ ಚಳವಳಿಯ ಬಳಿಕ ಬಂದ 1967ರ ತಿದ್ದುಪಡಿಯು ‘ಮೇ’ಯನ್ನು ತೆಗೆಯಲಿಲ್ಲ, ಹಿಂದಿಯನ್ನು ರಾಜಭಾಷೆಯಾಗಿ ಅಂಗೀಕರಿಸದ ಎಲ್ಲ ರಾಜ್ಯಗಳ ವಿಧಾನಮಂಡಲಗಳೂ ಸಂಸತ್ತಿನ ಎರಡೂ ಸದನಗಳೂ ನಿರ್ಣಯಿಸುವವರೆಗೆ ಆ ಉಪಬಂಧಗಳು ಜಾರಿಯಲ್ಲಿರತಕ್ಕದ್ದೆಂಬ ‘ಶಲ್’ ಅನ್ನು ಅದರ ಜೊತೆಗೆ ಸೇರಿಸಿತು.

ಇದೇ ಅಧಿನಿಯಮದ 4ನೆಯ ಪ್ರಕರಣದಂತೆ 1976ರಲ್ಲಿ ಇಂದಿನ ರಾಜಭಾಷಾ ಸಮಿತಿ ರಚಿತವಾಯಿತು. 1993ರಿಂದ ಕಾರ್ಯನಿರತವಾಗಿರುವ ವಿಭಾಗೀಯ ಸ್ಥಾಯೀ ಸಮಿತಿಗಳಲ್ಲಿ ಮಂತ್ರಿಗಳಿಗೆ ಸದಸ್ಯತ್ವವಿಲ್ಲ. ಅವುಗಳ ವರದಿ ಸದನಗಳಿಗೆ ಸಲ್ಲುತ್ತದೆ. ರಾಜಭಾಷಾ ಸಮಿತಿಗೆ ಗೃಹಮಂತ್ರಿಗಳು ಅಧ್ಯಕ್ಷರಾಗುವುದು ವಾಡಿಕೆ. ವರದಿ ರಾಷ್ಟ್ರಪತಿಗಳಿಗೆ ಸಲ್ಲುತ್ತದೆ. ಅವರು ಅದನ್ನು ಸದನಗಳ ಮುಂದಿರಿಸಿ, ರಾಜ್ಯಗಳಿಗೂ ಕಳುಹಿಸತಕ್ಕದ್ದು. ರಾಜ್ಯಗಳ ಅಭಿಪ್ರಾಯವನ್ನು ಪರಿಗಣಿಸಿದ ಮೇಲೆ ನಿರ್ದೇಶನ ನೀಡಬಹುದು. ಆ ನಿರ್ದೇಶನಗಳು ಇಂಗ್ಲಿಷ್ ಕುರಿತ 3ನೆಯ ಪ್ರಕರಣಕ್ಕೆ ಅಸಂಗತವಾಗಿರತಕ್ಕದ್ದಲ್ಲ. ಆದುದರಿಂದ ಸಮಿತಿಯ ಶಿಫಾರಸು ತಾನಾಗಿಯೇ ಆಜ್ಞೆಯಲ್ಲ. ಕರ್ನಾಟಕದಂತಹ ರಾಜ್ಯದ ಲಿಖಿತ ಅಭಿಪ್ರಾಯಕ್ಕೆ ಅಲ್ಲಿ ಶಾಸನಬದ್ಧ ಸ್ಥಾನವಿದೆ.

ಇನ್ನೊಂದು ಪದವೂ ವಿಚಾರಾರ್ಹ. ಒಕ್ಕೂಟದ ಆಡಳಿತದಲ್ಲಿ ಹಿಂದಿಯ ಬಳಕೆಯ ‘ಪ್ರಗತಿ’ಯನ್ನು ಪರಿಶೀಲಿಸುವುದು ಸಮಿತಿಯ ಕರ್ತವ್ಯ. ಈ ನಾಮಪದವು ಚಲನೆಯ ದಿಕ್ಕನ್ನು ಮೊದಲೇ ಗೃಹೀತ ಹಿಡಿಯುತ್ತದೆ. ಆ ಚಲನೆಯಿಂದ ಇತರ ಭಾಷೆಗಳಿಗೆ ಏನಾಗುತ್ತದೆಂಬ ಪ್ರಶ್ನೆ ಕರ್ತವ್ಯವಾಕ್ಯದೊಳಗೆ ಬರುವುದೇ ಇಲ್ಲ. ‘ಬಹುದು’ವಿನ ಸಂದಿಗ್ಧತೆಯನ್ನು ಸಂಸತ್ತು ಚರ್ಚಿಸಿತು. ‘ಪ್ರಗತಿ’ಯ ಪೂರ್ವಗ್ರಹಿಕೆಯನ್ನು ಚರ್ಚಿಸುವ ಹೊಣೆ ಭಾಷಾವಿಜ್ಞಾನದ ಮೇಲಿದೆ.