ಮೊಳೆತ ಹುರುಳಿಯೂ ಸಸಾರಜನಕದ ಬೆನ್ನೆಲುಬೂ

ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಸೀಮೆಯ ಖುಷ್ಕಿ ಹೊಲಗಳಲ್ಲಿ ರಾಗಿ, ಅವರೆಗಳಂತೆ ಹುರುಳಿಗೂ ಎಡೆಯುಂಟು. ಹುರುಳಿಯನ್ನು ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಸಾರಿಗೆ ಬಳಸುವುದು ಇಲ್ಲಿನ ಮನೆಗಳಲ್ಲಿ ಹಳೆಯ ರೂಢಿ. ಮೊಳೆಯುವ ಹೊತ್ತಿನಲ್ಲಿ ಕಾಳಿನೊಳಗಿನ ಸಸಾರಜನಕ, ಎಂದರೆ ಪ್ರೋಟೀನು, ಏನಾಗುತ್ತದೆ? ಒಡೆದುಹೋಗುತ್ತದೆ ಎಂಬ ಉತ್ತರ ತಪ್ಪಲ್ಲವಾದರೂ ಸಾಲದು. ಎಲ್ಲಿ ಒಡೆಯಿತು, ಎಷ್ಟು ಉಳಿಯಿತು ಎಂದು ಖಚಿತವಾಗಿ ಹೇಳಲು ವಿಜ್ಞಾನಕ್ಕೆ ಸುಮಾರು ನೂರು ವರ್ಷ ಬೇಕಾಯಿತು. ಆ ಇತಿಹಾಸವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಬಯಸುತ್ತೇವೆ.

1902ರಲ್ಲಿ ಕಾರ್ಲ್ಸ್‌ಬಾಡ್ ನಗರದಲ್ಲಿ ನೆರೆದ ವಿಜ್ಞಾನಿಗಳ ಸಭೆಯಲ್ಲಿ ಫ್ರಾಂಜ್ ಹೋಫ್‌ಮೈಸ್ಟರ್ ಮತ್ತು ಎಮಿಲ್ ಫಿಷರ್ ಸ್ವತಂತ್ರವಾಗಿ ಒಂದೇ ತತ್ತ್ವವನ್ನು ಪ್ರತಿಪಾದಿಸಿದರು. ಒಂದು ಅಮೈನೊ ಆಮ್ಲವು ನೀರಿನ ಒಂದು ಅಣುವನ್ನು ಕಳೆದುಕೊಂಡು ಮತ್ತೊಂದರೊಡನೆ ಬೆಸೆಯುತ್ತದೆ. ಹೀಗೆ ಉಂಟಾಗುವ ಪೆಪ್ಟೈಡ್ ಬಂಧಗಳ ಸಾಲೇ ಸಸಾರಜನಕದ ಬೆನ್ನೆಲುಬು. ನೀರು ಕಳೆದು ಕೂಡಿದ್ದನ್ನು ನೀರು ಸೇರಿಸಿ ಬಿಡಿಸಬಹುದು. ಆದರೆ ಇದು ತಾನಾಗಿ ನಡೆಯುವುದು ಅತಿ ನಿಧಾನ. ಆಮ್ಲವೂ ಕ್ಷಾರವೂ ಅಲ್ಲದ ನೀರಿನಲ್ಲಿ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಇಂಥ ಬಂಧಗಳಲ್ಲಿ ಅರ್ಧದಷ್ಟು ಮುರಿಯಲು 350ರಿಂದ 600 ವರ್ಷಗಳು ಬೇಕೆಂದು ರಾಡ್ಜಿಕಾ ಮತ್ತು ವುಲ್ಫೆಂಡನ್ 1996ರಲ್ಲಿ ಲೆಕ್ಕ ಹಾಕಿದರು. ನಮ್ಮ ಕರುಳಿನ ಟ್ರಿಪ್ಸಿನ್‌ನಂಥ ಕಿಣ್ವಗಳು ಅದೇ ಕೆಲಸವನ್ನು ಕ್ಷಣಮಾತ್ರದಲ್ಲಿ ಮಾಡುತ್ತವೆ.

ಪ್ರಯೋಗಶಾಲೆಗಳಲ್ಲಿ ಮೊದಮೊದಲು ನೆಚ್ಚಿದ್ದು ಹೈಡ್ರೋಕ್ಲೋರಿಕ್ ಆಮ್ಲವನ್ನು. ಅದರಲ್ಲಿ ಒಂದು ದಿನ ಕುದಿಸಿದರೆ ಎಲ್ಲ ಬಂಧಗಳೂ ಕಡಿಯುತ್ತವೆ. ಹಾರವನ್ನು ಹರಿದು ಮಣಿಗಳನ್ನು ಎಣಿಸಿದಂತೆ ಲೆಕ್ಕ ಸಿಗುತ್ತದೆ. ಪೋಣಿಸಿದ ಕ್ರಮ ಮಾತ್ರ ಅಳಿಸಿಹೋಗುತ್ತದೆ. ಕೇಂಬ್ರಿಜಿನ ಫ್ರೆಡರಿಕ್ ಸ್ಯಾಂಗರ್ ಸರಪಣಿಯನ್ನು ಅರೆಬರೆಯಾಗಿ ಒಡೆದು, ಒಂದರ ಮೇಲೊಂದು ಚಾಚುವ ತುಂಡುಗಳನ್ನು ಹೊಂದಿಸಿ, 51 ಅಮೈನೊ ಆಮ್ಲಗಳ ಇನ್ಸುಲಿನ್ ರಚನೆಯನ್ನು 1955ರ ವೇಳೆಗೆ ಪೂರ್ತಿಯಾಗಿ ಓದಿದರು. ಸ್ವೀಡನ್ನಿನ ಪೇರ್ ಎಡ್ಮನ್ 1950ರಲ್ಲಿ ಪ್ರಕಟಿಸಿದ ವಿಧಾನವಾದರೋ ಸರಪಣಿಯ ತುದಿಯಿಂದ ಒಂದೊಂದೇ ಅಮೈನೊ ಆಮ್ಲವನ್ನು ಬಿಡಿಸಿ ಗುರುತಿಸುತ್ತದೆ. ಕಡಿಯುವ ಸ್ಥಾನ ವಿಜ್ಞಾನಿಯ ಹತೋಟಿಗೆ ಬಂದದ್ದು ಈ ಕಾಲದಲ್ಲಿ.

ಬಿಡಿಸಿದ್ದನ್ನು ಬೇರ್ಪಡಿಸಿ ಗುರುತಿಸುವ ಕಾರ್ಯದಲ್ಲಿ ಬೆಂಗಳೂರಿನ ಪಾಲೂ ಉಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪ್ರಾಧ್ಯಾಪಕ ಕೆ. ವಿ. ಗಿರಿ ಮತ್ತು ಸಂಗಡಿಗರು 1950ರ ದಶಕದ ಮೊದಲ ವರ್ಷಗಳಲ್ಲಿ ವರ್ತುಲ ಕಾಗದ ವರ್ಣಲೇಖನವನ್ನು ಅಮೈನೊ ಆಮ್ಲಗಳಿಗೆ ಅಳವಡಿಸಿದರು. ಕಾಗದದ ನಡುವಿನಿಂದ ದ್ರಾವಕವು ಹೊರಕ್ಕೆ ಹರಡಿದಂತೆ ಒಂದೊಂದು ಆಮ್ಲವೂ ತನ್ನದೇ ದೂರದಲ್ಲಿ ಕಮಾನಿನಂತೆ ನಿಲ್ಲುತ್ತದೆ. ದುಬಾರಿ ಯಂತ್ರವಿಲ್ಲದೆ ನಡೆಯುವ ಪರೀಕ್ಷೆ ಅದು.

ಇನ್ನು ಹುರುಳಿಯ ವಿಚಾರ. ಅದರಲ್ಲಿ ಬೌಮನ್-ಬರ್ಕ್ ವರ್ಗಕ್ಕೆ ಸೇರಿದ ಪ್ರತಿಬಂಧಕ ಸಸಾರಜನಕಗಳಿವೆ. ಇವು ಟ್ರಿಪ್ಸಿನ್ ಮತ್ತು ಕೈಮೊಟ್ರಿಪ್ಸಿನ್ ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಕತ್ತರಿಯನ್ನು ಕಟ್ಟಿಹಾಕುತ್ತವೆ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಲಲಿತಾ ಆರ್. ಗೌಡ ಮತ್ತು ಸಹೋದ್ಯೋಗಿಗಳು ಇವನ್ನು ದೀರ್ಘಕಾಲ ಅಭ್ಯಸಿಸಿ, 2004ರಲ್ಲಿ ಮಹತ್ತ್ವದ ಪ್ರಬಂಧವೊಂದನ್ನು ಪ್ರಕಟಿಸಿದರು. ಸಸಾರಜನಕವನ್ನು ಕಿಣ್ವಗಳಿಂದಲೂ ರಾಸಾಯನಿಕಗಳಿಂದಲೂ ತುಂಡರಿಸಿ, ಆ ತುಂಡುಗಳನ್ನು ಎಡ್ಮನ್ ವಿಧಾನದಿಂದ ಓದಿದರು. ಒಣಕಾಳಿನ ಮುಖ್ಯ ಪ್ರತಿಬಂಧಕದಲ್ಲಿ 76 ಅಮೈನೊ ಆಮ್ಲಗಳಿದ್ದು, ಅದರ ಅಣುಗಳು ಎರಡೆರಡಾಗಿ ಜೋಡಿಗೊಂಡಿರುತ್ತವೆ. ಮೊಳೆತ ಕಾಳಿನಲ್ಲಿ ದೊರೆತ ಮೂರು ರೂಪಗಳಲ್ಲಿ ಕ್ರಮವಾಗಿ 66, 65 ಮತ್ತು 60 ಅಮೈನೊ ಆಮ್ಲಗಳಿದ್ದವು. ಅವು ಒಂಟಿ ಅಣುಗಳು. ಅತಿ ಚಿಕ್ಕ ರೂಪದಲ್ಲಿ ತಲೆಯ ಕಡೆ 12, ಬಾಲದ ಕಡೆ 4 ಕಡಿದುಹೋಗಿದ್ದವು. ಕಡಿದುಹೋದ ಬಾಲದ ಕಟ್ಟಕಡೆಯ, 76ನೆಯ ಆಸ್ಪಾರ್ಟಿಕ್ ಆಮ್ಲವೇ ಜೊತೆಯ ಅಣುವಿನ 24ನೆಯ ಲೈಸೀನನ್ನು ಹಿಡಿದು ಜೋಡಿಯನ್ನು ಉಳಿಸುತ್ತಿತ್ತೆಂದು ಅವರು ನಿರ್ಣಯಿಸಿದರು. ಹಿಡಿತ ತಪ್ಪಿತು, ಜೋಡಿ ಬಿಟ್ಟಿತು. ಆದರೂ ಉಳಿದ ಒಂಟಿ ಅಣು ಪ್ರತಿಬಂಧಕವೇ ಆಗಿ ಉಳಿಯಿತೆಂಬುದು ಗಮನಾರ್ಹ.

ಇದೇ ಅವಧಿಯಲ್ಲಿ ಒಡೆಯುವ ಬೇರೊಂದು ಮಾರ್ಗ ಬೆಳೆಯಿತು. ಸಸಾರಜನಕದಂಥ ದೊಡ್ಡ ಅಣುಗಳನ್ನು ವಿದ್ಯುದಾವೇಶದೊಡನೆ ಅನಿಲಸ್ಥಿತಿಗೆ ತರುವ ವಿಧಾನಗಳಿಗಾಗಿ ಜಾನ್ ಫೆನ್ ಮತ್ತು ಕೋಯಿಚಿ ತನಾಕ 2002ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ದ್ರವ್ಯರಾಶಿಯನ್ನು ಅಳೆಯುವ ಯಂತ್ರದಲ್ಲಿ ಇಂಥ ಅಣುವನ್ನು ಜಡಾನಿಲಕ್ಕೆ ಡಿಕ್ಕಿ ಹೊಡೆಸಿದರೆ ಬೆನ್ನೆಲುಬು ಸಾಮಾನ್ಯವಾಗಿ ಪೆಪ್ಟೈಡ್ ಬಂಧದಲ್ಲಿಯೇ ಮುರಿಯುತ್ತದೆ. ತುಂಡುಗಳ ತೂಕದ ಅಂತರದಿಂದ ಕ್ರಮವನ್ನು ಓದಬಹುದು. 1998ರಲ್ಲಿ ಮೆಕ್‌ಲಾಫರ್ಟಿಯವರ ತಂಡವು ಎಲೆಕ್ಟ್ರಾನ್ ಸೆರೆಯ ಮೂಲಕ, ಸಾರಜನಕಕ್ಕೂ ಅದರಾಚೆಯ ಇಂಗಾಲಕ್ಕೂ ನಡುವಣ ಬಂಧವನ್ನು ಮುರಿಯುವ ವಿಧಾನವನ್ನು ತೋರಿಸಿಕೊಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಮ್ ಮತ್ತು ಸಂಗಡಿಗರು ಇಂಥ ಯಂತ್ರಗಳಿಂದ ಶಂಕುಬಸವನಗಳ ವಿಷದ ಪೆಪ್ಟೈಡುಗಳನ್ನು ಓದಿದ್ದಾರೆ.

ಈ ಇತಿಹಾಸದಿಂದ ವಿದ್ಯಾರ್ಥಿಗಳು ಗ್ರಹಿಸಬೇಕಾದ ಅಂಶವೊಂದುಂಟು. ಆಮ್ಲದಲ್ಲಿ ಕುದಿಸಿದ ಹುರುಳಿಯಲ್ಲಿಯೂ ಮೊಳೆತ ಹುರುಳಿಯಲ್ಲಿಯೂ ಬೆನ್ನೆಲುಬು ಮುರಿದಿರುತ್ತದೆ. ಮೊದಲನೆಯದು ನಾಶ, ಎರಡನೆಯದು ತಿದ್ದುಪಡಿ. ಇವೆರಡರ ಭೇದವನ್ನು ಮಣಿಗಳ ಎಣಿಕೆಯೊಂದರಿಂದಲೇ ಕಾಣಲಾಗದು. ಮುರಿದ ಸ್ಥಾನವನ್ನು ಹೆಸರಿಸಿ ಹೇಳಬಲ್ಲವನಿಗೆ ಮಾತ್ರ ಅದು ಗೋಚರಿಸುತ್ತದೆ.